ಇನ್ನೊಮ್ಮೆ ಹೇಳಿ

ಕೆಲವು ವರ್ಷದ ಹಿಂದೆ, ಒಂದು ಬೇಸಿಗೆ ರಜೆಯಲ್ಲಿ, ನಮ್ಮ ಬಳ್ಳಾರಿ ಮನೆಯ ಮಾಳಿಗೆಯ ಮೇಲೆ ನಾನು ಹನ್ನೆರಡು ದಿನ ವಿಮಾನ ನಿಲ್ದಾಣದ ಟವರ್ ಆಗಿದ್ದೆ. ಒಂದು ಕೈಯಲ್ಲಿ ಸಂಡಿಗೆಗೆ ಬರುವ ಕಾಗೆ ಓಡಿಸುವ ಕೋಲು, ಇನ್ನೊಂದರಲ್ಲಿ ಅಣ್ಣನ ಮಗಳು ಕೊಟ್ಟ ನೋಟ್‌ಬುಕ್ಕು. ಅವಳು ನೀರಿನ ಟ್ಯಾಂಕಿನ ನೆರಳಿನಲ್ಲಿ ನನಗೆ ಬೆನ್ನು ಮಾಡಿ ಕೂರುತ್ತಿದ್ದಳು. "ಮುಖ ನೋಡಬಾರದು ಅತ್ತೆ. ಮೇಲಿರೋವಾಗ ಟವರಿನವರ ಮುಖ ಕಾಣಿಸೋದಿಲ್ಲ, ಬರೀ ದನಿ" ಎನ್ನುತ್ತಿದ್ದಳು. ನಾನು ನೋಟ್‌ಬುಕ್ಕಿನಿಂದ ಇಂಗ್ಲಿಷಿನಲ್ಲಿ ಒಂದು ಆಜ್ಞೆ ಓದಬೇಕು, ಅವಳು ಅದನ್ನು ತಿರುಗಿ ಒಪ್ಪಿಸಬೇಕು. ಒಂದು ಅಂಕಿ ತಪ್ಪಿದರೂ ನಾನು "ನೆಗೆಟಿವ್" ಎಂದು ಗದರಿ ಮೊದಲಿನಿಂದ ಓದಬೇಕು. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಹರವಲು ಬಂದ ಅಜ್ಜಿ ಎರಡು ದಿನ ನೋಡಿ, ಮೂರನೆಯ ದಿನ ತಡೆಯಲಾರದೆ ಕೇಳಿದರು: "ಏನು ಟೀಚರಮ್ಮ, ಅತ್ತೆ ಸೊಸೆ ಇಂಗ್ಲಿಷಿನಾಗೆ ಜಗಳ ಆಡ್ತೀರಲ್ಲ?"

ಹುಡುಗಿ ಹೊರ ರಾಜ್ಯದ ಒಂದು ಶಾಲೆಯಲ್ಲಿ ವಿಮಾನ ನಡೆಸಲು ಕಲಿಯುತ್ತಿದ್ದಳು. ಅಣ್ಣ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ತೆಗೆದಿದ್ದ. ಅದೇ ದುಡ್ಡಿನಲ್ಲಿ ಎರಡು ಮದುವೆ ಮಾಡಬಹುದಿತ್ತೆಂದು ಲೆಕ್ಕ ಹಾಕಿ ಹೇಳಿದ ಬಂಧುಗಳೂ ಇದ್ದರು. ಇಷ್ಟೆಲ್ಲ ಮಾಡಿ ಕಳಿಸಿದ ಹುಡುಗಿ ರಜೆಗೆ ಬಂದಾಗ ಮುಖ ಬಾಡಿಸಿಕೊಂಡಿದ್ದಳು. ರಾತ್ರಿ ಪಕ್ಕದಲ್ಲಿ ಮಲಗಿದಾಗ ನಿಧಾನವಾಗಿ ಹೇಳಿದಳು: "ಹಾರೋಕೆ ಹೆದರಿಕೆ ಇಲ್ಲ ಅತ್ತೆ. ಮಾತಾಡೋಕೆ ಹೆದರಿಕೆ."

ವಿಷಯ ಇಷ್ಟು. ಮೊದಲ ಪಾಠಗಳಲ್ಲಿ ಟವರಿನ ಜೊತೆಗಿನ ಮಾತನ್ನೆಲ್ಲ ಶಿಕ್ಷಕರೇ ಆಡುತ್ತಾರೆ, ವಿದ್ಯಾರ್ಥಿ ಕೇಳಿಸಿಕೊಂಡರೆ ಸಾಕು. ಆಮೇಲೆ ಒಂದೊಂದೇ ಮಾತು ವಿದ್ಯಾರ್ಥಿಯ ಪಾಲಿಗೆ ಬರುತ್ತದೆ. ಅವಳ ಸರದಿ ಬಂದ ದಿನ ಟವರಿನಿಂದ ಸರಸರನೆ ಏನೋ ಬಂತು. ಗಾಳಿ, ಒತ್ತಡ, ರನ್‌ವೇ ಸಂಖ್ಯೆ ಎಲ್ಲವೂ ಒಂದೇ ಉಸಿರಿನಲ್ಲಿ. ಇವಳಿಗೆ ಅರ್ಧ ತಿಳಿಯಲಿಲ್ಲ. "ರೋಜರ್" ಎಂದುಬಿಟ್ಟಳು. ಪಕ್ಕದಲ್ಲಿದ್ದ ಶಿಕ್ಷಕರು, "ಅವರು ಏನು ಹೇಳಿದರು, ನನಗೆ ಹೇಳು" ಎಂದರು. ಇವಳ ಬಾಯಿ ಒಣಗಿತು. ಅಂದು ಪಾಠ ನಿಲ್ಲಿಸಿ ಕೆಳಗಿಳಿಸಿದರಂತೆ. "ತಿಳಿಯದೆ ರೋಜರ್ ಅನ್ನುವವರ ಜೊತೆ ನಾನು ಹಾರೋದಿಲ್ಲ" ಎಂದರಂತೆ.

ನಾನು ಸಮಾಧಾನದ ಮಾತು ಹುಡುಕಿದೆ. ಸಿಗಲಿಲ್ಲ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಎಡ್. ಮುಗಿಸಿದ ಮೇಲೂ ಇಂಗ್ಲಿಷಿನಲ್ಲಿ ಯಾರಾದರೂ ಫೋನು ಮಾಡಿದರೆ "ಎಸ್ ಎಸ್" ಎಂದು ಇಟ್ಟುಬಿಟ್ಟು, ಆಮೇಲೆ ಅವರು ಕೇಳಿದ್ದೇನೆಂದು ಯೋಚಿಸುತ್ತಿದ್ದವಳು. ಅವಳ ರೋಜರ್, ನನ್ನ ಎಸ್ ಎಸ್, ಎರಡೂ ಒಂದೇ ಬಳ್ಳಿಯ ಕಾಯಿ. ಬೆಳಿಗ್ಗೆ ಎದ್ದು ಅವಳ ಪುಸ್ತಕಗಳನ್ನು ತಿರುವಿ ಹಾಕತೊಡಗಿದೆ. ಆ ಹುಡುಗಿ ಉರು ಹೊಡೆಯುತ್ತಿದ್ದ ಒಂದೊಂದು ಮಾತಿಗೂ ಒಂದು ಚರಿತ್ರೆ ಇತ್ತು, ಕೆಲವಕ್ಕೆ ತಾರೀಖಿನ ಜೊತೆ ಸತ್ತವರ ಲೆಕ್ಕವೂ ಇತ್ತು.

ರೈಟ್ ಸಹೋದರರು 1903ರಲ್ಲಿ ಹಾರಿದಾಗ ಆಕಾಶ ಪೂರಾ ಖಾಲಿ. ಯಾರನ್ನು ಕೇಳಬೇಕಿತ್ತು, ಯಾರಿಗೆ ಹೇಳಬೇಕಿತ್ತು? ಮೊದಲ ಮಹಾಯುದ್ಧ ಮುಗಿದು ಲಂಡನ್ ಪ್ಯಾರಿಸ್ ನಡುವೆ ಜನ ದುಡ್ಡು ಕೊಟ್ಟು ಹಾರತೊಡಗಿದ ಮೇಲೆ ತೊಂದರೆ ಶುರುವಾಯಿತು. ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಲ್ಲಿ 1920ರಲ್ಲಿ ಒಂದು ಟವರ್ ಕಟ್ಟಿದರು. ಟವರ್ ಎಂದರೆ 15 ಅಡಿ ಎತ್ತರದ, ನಾಲ್ಕೂ ಕಡೆ ಕಿಟಕಿಯಿದ್ದ ಒಂದು ಗೂಡು, ಅಷ್ಟೆ. ಅಂದಿನ ಪೈಲಟ್‌ಗಳು ಕೆಳಗಿನ ರಸ್ತೆ, ರೈಲು ಹಳಿ ನೋಡಿಕೊಂಡು ದಾರಿ ಹಿಡಿಯುತ್ತಿದ್ದರು. 1922ರ ಏಪ್ರಿಲ್ 7ರಂದು ಫ್ರಾನ್ಸಿನ ಪಿಕಾರ್ಡಿ ಪ್ರಾಂತದಲ್ಲಿ ಮಂಜು ಕವಿದಿತ್ತು. ಪ್ಯಾರಿಸಿಗೆ ಹೋಗುವ ವಿಮಾನವೂ ಪ್ಯಾರಿಸಿನಿಂದ ಬರುವ ವಿಮಾನವೂ ಒಂದೇ ರಸ್ತೆಯನ್ನು ನಂಬಿ ಎದುರುಬದುರು ಬಂದು ಡಿಕ್ಕಿ ಹೊಡೆದವು. ಏಳು ಜನ ಸತ್ತರು. ಪ್ರಯಾಣಿಕರ ವಿಮಾನಗಳೆರಡು ಆಕಾಶದಲ್ಲಿ ಡಿಕ್ಕಿ ಹೊಡೆದದ್ದು ಅದೇ ಮೊದಲು. ಅಷ್ಟು ದೊಡ್ಡ ಆಕಾಶದಲ್ಲೂ ಎಡಬಲದ ನಿಯಮ ಬೇಕೆಂದು ಜನಕ್ಕೆ ತಿಳಿಯಿತು.

ಅಮೆರಿಕದ ಸೇಂಟ್ ಲೂಯಿಸ್ ನಿಲ್ದಾಣದಲ್ಲಿ 1929ರಲ್ಲಿ ಆರ್ಚಿ ಲೀಗ್ ಎಂಬಾತ ಈ ಕೆಲಸಕ್ಕೆ ಸೇರಿದ. ಅವನ ಕಚೇರಿ ಒಂದು ಕೈಗಾಡಿಯಲ್ಲಿ ಹಿಡಿಸುತ್ತಿತ್ತು: ಕೂರಲು ಕುರ್ಚಿ, ಬಿಸಿಲಿಗೆ ಕೊಡೆ, ಮಧ್ಯಾಹ್ನದ ಊಟದ ಡಬ್ಬಿ, ಎರಡು ಬಾವುಟ. ಚೌಕಳಿ ಬಾವುಟ ಬೀಸಿದರೆ ಹೊರಡು, ಕೆಂಪು ಬೀಸಿದರೆ ನಿಲ್ಲು. ನಮ್ಮೂರ ಸಂತೆಗೆ ಗಾಡಿ ತಳ್ಳಿಕೊಂಡು ಬರುವವರ ಹಾಗೆ ಅವನು ದಿನಾ ಗಾಡಿ ತಳ್ಳಿಕೊಂಡು ಮೈದಾನಕ್ಕೆ ಬರುತ್ತಿದ್ದ. ಮರುವರ್ಷವೇ ಕ್ಲೀವ್‌ಲ್ಯಾಂಡ್ ನಿಲ್ದಾಣದ ಟವರಿಗೆ ರೇಡಿಯೋ ಬಂತು. ಬಾವುಟದ ಕಾಲ ಹೋಯಿತು. ಆದರೆ ಪೂರ್ತಿ ಹೋಗಿಲ್ಲ ಎಂದು ನನ್ನ ಸೊಸೆ ತಿದ್ದಿದಳು. ರೇಡಿಯೋ ಕೆಟ್ಟರೆ ಟವರಿನವರು ದೀಪ ತೋರಿಸುತ್ತಾರೆ. ನಿಂತು ಉರಿಯುವ ಹಸಿರಾದರೆ ಇಳಿ, ಕೆಂಪಾದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರು. ಕಂಡಿತು ಎಂದು ತಿಳಿಸಲು ಹಗಲಿನಲ್ಲಿ ಪೈಲಟ್ ರೆಕ್ಕೆ ಆಡಿಸಬೇಕು. ಇವೆಲ್ಲ ಇಂದಿಗೂ ವಿದ್ಯಾರ್ಥಿಗಳ ಪಾಠದಲ್ಲಿವೆ.

ನಮ್ಮೂರಿಗೂ ಈ ಚರಿತ್ರೆಯಲ್ಲಿ ಒಂದು ಸಾಲು ಜಾಗವಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲೆ ಮುಂಬಯಿಗೆ ಟಪಾಲು ತಂದರು. ಅಹಮದಾಬಾದಿನಲ್ಲಿ ಆ ಪುಟ್ಟ ವಿಮಾನಕ್ಕೆ ಪೆಟ್ರೋಲು ಎತ್ತಿನ ಗಾಡಿಯಲ್ಲಿ ಡಬ್ಬಿಗಳಲ್ಲಿ ಬಂದಿತ್ತು. ಮುಂಬಯಿಯಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಎಂಬ ಪೈಲಟ್ ಅದನ್ನು ಮದ್ರಾಸಿಗೆ ಒಯ್ದರು, ನಮ್ಮ ಬಳ್ಳಾರಿಯ ಮೇಲೆ. ಆಗ ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಆ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಬಂಡೆ ಗುಡ್ಡಗಳನ್ನು ನೋಡಿಯೇ ಊರು ಗುರುತಿಸಬೇಕು, ಗಾಳಿ ಯಾವ ಕಡೆಯದೆಂದು ಕಣ್ಣಿನಿಂದಲೇ ತಿಳಿಯಬೇಕು. ಇನ್ನು ನಾಲ್ಕು ವರ್ಷಕ್ಕೆ, 1936ರಲ್ಲಿ, ಲಾಹೋರಿನಲ್ಲಿ ಸರಳಾ ಠಕ್ರಾಲ್ ಎಂಬ 21 ವರ್ಷದ ತಾಯಿ ಸೀರೆ ಉಟ್ಟು ಜಿಪ್ಸಿ ಮಾತ್ ವಿಮಾನವನ್ನು ಒಬ್ಬಳೇ ಹಾರಿಸಿದಳು. ಪೈಲಟ್ ಲೈಸೆನ್ಸ್ ಪಡೆದ ಭಾರತದ ಮೊದಮೊದಲ ಹೆಣ್ಣುಮಕ್ಕಳಲ್ಲಿ ಅವಳೂ ಒಬ್ಬಳು. ಮನೆಯಲ್ಲಿ ಅವಳಿಗೆ ನಾಲ್ಕು ವರ್ಷದ ಮಗಳಿದ್ದಳು. ಈ ಕಥೆಯನ್ನು ನಾನು ಮದುವೆಯ ಲೆಕ್ಕ ಹಾಕಿದ ಬಂಧುಗಳಿಗೂ ಹೇಳಿದೆ. ಅವರು ಕಾಫಿ ಕುಡಿದು ಹೋದರು.

ರೇಡಿಯೋ ಬಂದ ಮೇಲೆ ಹೊಸ ತೊಡಕು ಬಂತು. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಹಡಗಿನವರಿಗೆ ಆಪತ್ತಿನಲ್ಲಿ ಎಸ್‌ಒಎಸ್ ಎಂಬ ತಂತಿ ಸಂಕೇತವಿತ್ತು. ಅದನ್ನು ಬಾಯಲ್ಲಿ ಹೇಳಿದರೆ ಕರಕರ ಸದ್ದಿನಲ್ಲಿ 'ಎಸ್' ಎಂಬ ಅಕ್ಷರ ಕರಗಿ ಹೋಗುತ್ತಿತ್ತು. 1923ರ ಹೊತ್ತಿಗೆ ಕ್ರಾಯ್ಡನ್ನಿನ ರೇಡಿಯೋ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಅವರಿಗೆ, ಎಲ್ಲರಿಗೂ ತಟ್ಟನೆ ತಿಳಿಯುವ ಒಂದು ಮಾತು ಹುಡುಕಿ ಎಂದು ಹೇಳಲಾಯಿತು. ಅಲ್ಲಿಗೆ ಬರುವ ಹೆಚ್ಚಿನ ವಿಮಾನ ಪ್ಯಾರಿಸಿನವು. ಫ್ರೆಂಚಿನಲ್ಲಿ "ನನಗೆ ಸಹಾಯ ಮಾಡಿ" ಎನ್ನುವ ಮಾತು ಇಂಗ್ಲಿಷರ ಕಿವಿಗೆ "ಮೇಡೇ" ಎಂದು ಕೇಳಿಸುತ್ತಿತ್ತು. ಅದನ್ನೇ ಆರಿಸಿದರು. 1927ರಲ್ಲಿ ಅದು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿತು. ಇಂದಿಗೂ ಪ್ರಾಣಕ್ಕೆ ಬಂದಾಗ ಮೂರು ಸಲ ಮೇಡೇ ಎನ್ನಬೇಕು. ಮೂರು ಸಲ ಏಕೆಂದರೆ, ಒಂದು ಸಲ ಹೇಳಿದ್ದು ಕೇಳಿಸದೆ ಹೋಗಬಹುದು.

ಅಕ್ಷರಗಳ ಪಾಡೂ ಅದೇ. ಬಿ, ಡಿ, ಪಿ, ಟಿ ಎಲ್ಲ ರೇಡಿಯೋದಲ್ಲಿ ಒಂದೇ. ಹೀಗಾಗಿ ಅಕ್ಷರಕ್ಕೊಂದು ಪದ ಕಟ್ಟಿದರು: ಆಲ್ಫಾ, ಬ್ರಾವೋ, ಚಾರ್ಲಿ, ಡೆಲ್ಟಾ. ಹಲವು ದೇಶಗಳ ಜನರ ಬಾಯಲ್ಲಿ ಹೇಳಿಸಿ, ಹಲವರ ಕಿವಿಗೆ ಕೇಳಿಸಿ, ಗೊಂದಲವಾದ ಪದಗಳನ್ನು ಕಿತ್ತು ಹಾಕಿ, 1956ರ ಮಾರ್ಚ್ 1ರಿಂದ ಈಗಿನ ಪಟ್ಟಿ ಜಾರಿಗೆ ಬಂತು. ನಮ್ಮ ದೇಶದ ವಿಮಾನಗಳ ಗುರುತು 'ವಿಟಿ'. ಅದು ವಿಕ್ಟರ್ ಟ್ಯಾಂಗೋ. ಅಂಕಿಗಳಿಗೂ ಬೇರೆ ಉಚ್ಚಾರ. ಒಂಬತ್ತಕ್ಕೆ 'ನೈನರ್', ಇಲ್ಲದಿದ್ದರೆ ಐದೆಂದು ಕೇಳಿಸೀತು. ಮೂರಕ್ಕೆ 'ಟ್ರೀ'. ಇದನ್ನು ಓದಿ ನನಗೆ ನಗು ಬಂತು. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ನಾನು 'ಟ್ರೀ' ಎಂದಾಗಲೆಲ್ಲ ತರಗತಿಯ ಮುಂದೆ ನಿಲ್ಲಿಸಿ ತಿದ್ದುತ್ತಿದ್ದರು. ಆಕಾಶದಲ್ಲಾಗಿದ್ದರೆ ನಾನೇ ಸರಿ!

ಮಾಳಿಗೆಯ ಮೇಲೆ ಈ ಭಾಷೆಯ ವ್ಯಾಕರಣ ಮೆಲ್ಲಗೆ ನನಗೂ ಬಂತು. ಮೈಕಿನ ಗುಂಡಿ ಒತ್ತುವ ಮೊದಲು ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕಿವಿಗೊಡಬೇಕು, ಏಕೆಂದರೆ ಒಂದು ತರಂಗದಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಲು ಸಾಧ್ಯ. ಆಮೇಲೆ ಯಾರನ್ನು ಕರೆಯುತ್ತಿದ್ದೇನೆ, ನಾನು ಯಾರು, ಎಲ್ಲಿದ್ದೇನೆ, ಏನು ಬೇಕು, ಇದೇ ಕ್ರಮದಲ್ಲಿ ಹೇಳಬೇಕು. 'ರೋಜರ್' ಎಂದರೆ ಹೌದು ಎಂದಲ್ಲ, ನೀವು ಹೇಳಿದ್ದೆಲ್ಲ ನನಗೆ ತಲುಪಿತು ಎಂದಷ್ಟೇ. 'ವಿಲ್ಕೋ' ಎಂದರೆ ಹಾಗೆಯೇ ಮಾಡುತ್ತೇನೆ. 'ಸ್ಟ್ಯಾಂಡ್ ಬೈ' ಎಂದರೆ ಕಾಯಿ, ಅದು ಅನುಮತಿಯಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮ 'ರೀಡ್‌ಬ್ಯಾಕ್', ತಿರುಗಿ ಹೇಳುವುದು. ರನ್‌ವೇಗೆ ಬರಲು, ದಾಟಲು, ಹೊರಗೇ ನಿಲ್ಲಲು, ಏರಲು, ಇಳಿಯಲು ಕೊಟ್ಟ ಮಾತುಗಳನ್ನು, ಎತ್ತರ ದಿಕ್ಕುಗಳ ಅಂಕಿಗಳನ್ನು, ಪೈಲಟ್ ಅಂತೆಯೇ ತಿರುಗಿ ಹೇಳಬೇಕು. ಟವರಿನವನು ಅದನ್ನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ತಿದ್ದಬೇಕು. ಇದಕ್ಕೆಂದೇ ಆರ್‌ಟಿಆರ್ ಎಂಬ ಪರೀಕ್ಷೆ ಇದೆ. ಬಹಳ ವರ್ಷ ದೂರಸಂಪರ್ಕ ಇಲಾಖೆ ನಡೆಸುತ್ತಿದ್ದ ಈ ಪರೀಕ್ಷೆಯನ್ನು 2024ರ ಭಾರತೀಯ ವಾಯುಯಾನ ಅಧಿನಿಯಮ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಒಪ್ಪಿಸಿತು.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಎಂದು ನಾನು ಕೇಳಿದಾಗ ಹುಡುಗಿ ಒಂದೇ ಹೆಸರು ಹೇಳಿದಳು: ಟೆನೆರಿಫ್.

ಅದು ಸ್ಪೇನಿಗೆ ಸೇರಿದ ಒಂದು ದ್ವೀಪ. 1977ರ ಮಾರ್ಚ್ 27, ಭಾನುವಾರ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದದ್ದರಿಂದ ಅಲ್ಲಿಗೆ ಹೋಗಬೇಕಿದ್ದ ವಿಮಾನಗಳೆಲ್ಲ ಈ ಸಣ್ಣ ನಿಲ್ದಾಣಕ್ಕೆ ಬಂದು ತುಂಬಿಕೊಂಡವು. ಅವುಗಳಲ್ಲಿ ಎರಡು ಬೋಯಿಂಗ್ 747: ಒಂದು ಹಾಲೆಂಡಿನ ಕೆಎಲ್‌ಎಂ ಕಂಪನಿಯದು, ಇನ್ನೊಂದು ಅಮೆರಿಕದ ಪ್ಯಾನ್ ಆಮ್ ಕಂಪನಿಯದು. ಪಕ್ಕದ ದಾರಿಗಳಲ್ಲಿ ವಿಮಾನಗಳು ನಿಂತಿದ್ದರಿಂದ ಎರಡೂ ರನ್‌ವೇ ಮೇಲೆಯೇ ನಡೆದು ಹೋಗಬೇಕಾಯಿತು. ಕೆಎಲ್‌ಎಂ ತುದಿಗೆ ಹೋಗಿ ತಿರುಗಿ ನಿಂತಿತು. ಪ್ಯಾನ್ ಆಮ್ ಇನ್ನೂ ರನ್‌ವೇ ಮೇಲಿದ್ದು, ಹೊರಹೋಗುವ ತಿರುವನ್ನು ಹುಡುಕುತ್ತಿತ್ತು. ಅಷ್ಟರಲ್ಲಿ ಮೋಡ ನೆಲಕ್ಕಿಳಿಯಿತು. ಇವರಿಗೆ ಅವರು ಕಾಣರು, ಟವರಿಗೆ ಇಬ್ಬರೂ ಕಾಣರು. ನೆಲದ ಮೇಲಿನ ವಿಮಾನ ತೋರಿಸುವ ರೇಡಾರ್ ಅಲ್ಲಿರಲಿಲ್ಲ. ಉಳಿದದ್ದು ಮಾತು ಮಾತ್ರ.

ಕೆಎಲ್‌ಎಂ ಕ್ಯಾಪ್ಟನ್ ಆ ಕಂಪನಿಯ ಹೆಸರಾಂತ ಗುರು. ಕಂಪನಿಯ ಜಾಹೀರಾತಿನಲ್ಲಿ ಅವರದೇ ಚಿತ್ರ. ಪಕ್ಕದಲ್ಲಿದ್ದ ಸಹಪೈಲಟ್‌ಗೆ ಈ ವಿಮಾನ ನಡೆಸುವ ಅರ್ಹತಾ ಪರೀಕ್ಷೆ ಮಾಡಿದವರೂ ಅವರೇ. ತಡವಾಗಿದೆ, ಕೆಲಸದ ಗಂಟೆಗಳು ಮೀರುತ್ತಿವೆ. ಕ್ಯಾಪ್ಟನ್ ಎಂಜಿನ್ ಜೋರು ಮಾಡಿದರು. ಇನ್ನೂ ಅನುಮತಿ ಬಂದಿಲ್ಲ ಎಂದು ಸಹಪೈಲಟ್ ಹೇಳಿದರು. ಗೊತ್ತು, ಕೇಳು ಎಂದರು ಕ್ಯಾಪ್ಟನ್. ಟವರಿನಿಂದ ಬಂದದ್ದು ಏರಿದ ಮೇಲೆ ಹಿಡಿಯಬೇಕಾದ ದಾರಿಯ ಅನುಮತಿ. ಏರಲು ಅನುಮತಿ ಅಲ್ಲ. ಆದರೆ ಆ ಮಾತಿನ ನಡುವೆ 'ಟೇಕಾಫ್' ಎಂಬ ಪದ ಸೇರಿತ್ತು. ಸಹಪೈಲಟ್ ಅದನ್ನು ತಿರುಗಿ ಹೇಳುತ್ತಿರುವಾಗಲೇ ಕ್ಯಾಪ್ಟನ್ ವಿಮಾನವನ್ನು ಬಿಟ್ಟರು. ಎರಡನೆಯ ಸಲ ಸಹಪೈಲಟ್ ತಡೆಯಲಿಲ್ಲ. ಒಮ್ಮೆ ಆಡಿದ ಮಾತನ್ನು ಗುರುವಿನ ಮುಂದೆ ಮತ್ತೊಮ್ಮೆ ಆಡುವುದು ಹೇಗೆ?

"ನಾವೀಗ ಟೇಕಾಫ್‌ನಲ್ಲಿದ್ದೇವೆ" ಎಂಬರ್ಥದ ಅರೆಬರೆ ಮಾತು ಟವರಿಗೆ ಬಂತು. ಹೊರಡಲು ಸಿದ್ಧರಾಗಿ ನಿಂತಿದ್ದಾರೆ ಎಂದುಕೊಂಡ ಅಧಿಕಾರಿ "ಓಕೆ" ಎಂದು, ತುಸು ತಡೆದು, ಕಾಯಿರಿ, ನಾನು ಕರೆಯುತ್ತೇನೆ ಎಂದ. ಅದೇ ಕ್ಷಣಕ್ಕೆ ಪ್ಯಾನ್ ಆಮ್‌ನವರು ಗಾಬರಿಯಿಂದ, ನಾವಿನ್ನೂ ರನ್‌ವೇ ಮೇಲಿದ್ದೇವೆ ಎಂದರು. ಒಂದೇ ತರಂಗದಲ್ಲಿ ಎರಡು ದನಿ. ಕೆಎಲ್‌ಎಂ ಕಿವಿಗೆ ತಲುಪಿದ್ದು 'ಓಕೆ' ಮತ್ತು ಕೀರಲು ಸದ್ದು. ಹಿಂದೆ ಕೂತಿದ್ದ ಎಂಜಿನಿಯರ್ ಮಾತ್ರ ಒಂದು ಪ್ರಶ್ನೆ ಕೇಳಿದರು: ಆ ಪ್ಯಾನ್ ಆಮ್ ಇನ್ನೂ ಹೊರಹೋಗಿಲ್ಲವೇ? ಹೋಗಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು. ಅವರು ಸುಮ್ಮನಾದರು. ಕೆಲವೇ ಸೆಕೆಂಡು. 583 ಜನ ಸತ್ತರು. ಕೆಎಲ್‌ಎಂ ವಿಮಾನದಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಪ್ಯಾನ್ ಆಮ್‌ನಲ್ಲಿ 61 ಜನ ಉಳಿದರು. ವಿಮಾನಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅಪಘಾತ ಇನ್ನೊಂದಿಲ್ಲ. ಎರಡೂ ವಿಮಾನಗಳಲ್ಲಿ ಒಂದು ಮೊಳೆಯೂ ಕೆಟ್ಟಿರಲಿಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಎಂಜಿನಿಯರ್ ಇನ್ನೊಮ್ಮೆ ಕೇಳಿದ್ದರೆ? ಇದಾದ ಮೇಲೆ 'ಟೇಕಾಫ್' ಎಂಬ ಪದವನ್ನು ಏರಲು ಅನುಮತಿ ಕೊಡುವಾಗ ಅಥವಾ ಹಿಂತೆಗೆಯುವಾಗ ಮಾತ್ರ ಬಳಸಬೇಕೆಂದಾಯಿತು. ಮಿಕ್ಕೆಲ್ಲ ಕಡೆ 'ಡಿಪಾರ್ಚರ್'. ಬರೀ 'ಓಕೆ', 'ರೋಜರ್' ಸಾಲದು, ತಿರುಗಿ ಹೇಳಲೇಬೇಕೆಂಬುದು ಬಿಗಿಯಾಯಿತು. 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಒಂದು ಸಮಾಲೋಚನೆ ನಡೆಸಿತು. ಅಲ್ಲಿಂದ ಬೆಳೆದ ಪಾಠಕ್ರಮದಲ್ಲಿ, ಹಿರಿಯರು ತಪ್ಪಿದಾಗ ಕಿರಿಯರು ಹೇಳುವುದು ಹೇಗೆ, ಹೇಳಿದ್ದನ್ನು ಹಿರಿಯರು ಕೇಳುವುದು ಹೇಗೆ ಎಂದು ಪೈಲಟ್‌ಗಳಿಗೆ ಕಲಿಸತೊಡಗಿದರು. ಯೋಚಿಸಿ, ದೊಡ್ಡವರಿಗೆ ಎದುರು ಮಾತಾಡುವುದನ್ನು ಶಾಲೆಯಿಟ್ಟು ಕಲಿಸಬೇಕಾಯಿತು!

ಪಾಠ ಎಲ್ಲರಿಗೂ ತಲುಪಲು ಕಾಲ ಬೇಕು. 1990ರ ಜನವರಿ 25ರಂದು ಕೊಲಂಬಿಯಾ ದೇಶದ ಏವಿಯಾಂಕಾ ವಿಮಾನವೊಂದು ನ್ಯೂಯಾರ್ಕಿಗೆ ಬರುವ ದಾರಿಯಲ್ಲಿ, ಹವೆ ಕೆಟ್ಟಿದ್ದರಿಂದ, ಒಂದು ಗಂಟೆಗೂ ಹೆಚ್ಚು ಕಾಲ ಕಾಯುತ್ತ ಸುತ್ತಿತು. ಇಂಧನ ತೀರುತ್ತ ಬಂತು. ಕ್ಯಾಪ್ಟನ್‌ಗೆ ಇಂಗ್ಲಿಷ್ ಕಷ್ಟ, ಸಹಪೈಲಟ್ ಮಾತಾಡಬೇಕು. ಆಪತ್ತೆಂದು ಹೇಳು ಎಂದು ಕ್ಯಾಪ್ಟನ್ ಹೇಳಿದರೂ ಅವರು ಆ ಪದ ಬಳಸಲಿಲ್ಲ, ಮೇಡೇ ಎನ್ನಲಿಲ್ಲ. ಇಂಧನ ಮುಗಿಯುತ್ತಿದೆ ಎಂದು ಮಾತಿನ ಕೊನೆಗೆ ಸೇರಿಸಿದರು. ಇನ್ನೊಂದು ಸುತ್ತು ಹಾಕಿಸುತ್ತೇನೆ, ನಿಮ್ಮ ಇಂಧನಕ್ಕೆ ಅಡ್ಡಿಯಿಲ್ಲ ತಾನೆ ಎಂದು ಅಧಿಕಾರಿಣಿಯೋ ಅಧಿಕಾರಿಯೋ ಕೆಳಗಿನಿಂದ ಕೇಳಿದಾಗ, ಪರವಾಗಿಲ್ಲ ಎಂಬರ್ಥದ ಮಾತಾಡಿ ವಂದನೆಯನ್ನೂ ಹೇಳಿದರು. ಕೆಲವು ನಿಮಿಷಕ್ಕೆ ಎಂಜಿನ್‌ಗಳು ಆರಿದವು. 158 ಜನರಲ್ಲಿ 73 ಜನ ಹೋದರು. ಈ 'ಪರವಾಗಿಲ್ಲ' ನಮಗೆ ಹೊಸತೇ? ಜ್ವರದಲ್ಲಿ ಅಡುಗೆ ಮಾಡುವಾಗ, ಬಸ್ಸಿನಲ್ಲಿ ನಿಂತಿರುವಾಗ, ಎದೆ ನೋಯುವಾಗ ನಾವು ಹೆಂಗಸರು ದಿನಕ್ಕೆಷ್ಟು ಸಲ ಅನ್ನುತ್ತೇವೆ!

ನಮ್ಮ ದೇಶದ ಪಾಠ 1996ರ ನವೆಂಬರ್ 12ರದು. ನಾನಾಗ ಕೆಲಸಕ್ಕೆ ಸೇರಿದ್ದು ಹೊಸತು. ಮರುದಿನದ ಪತ್ರಿಕೆ ಹಿಡಿದು ಸ್ಟಾಫ್ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ದೆಹಲಿಯಿಂದ ಹೊರಟ ಸೌದಿ ವಿಮಾನ, ದೆಹಲಿಗೆ ಬರುತ್ತಿದ್ದ ಕಝಾಕಸ್ತಾನದ ವಿಮಾನ. ಹೋಗುವುದಕ್ಕೂ ಬರುವುದಕ್ಕೂ ಒಂದೇ ದಾರಿ. ಇವರಿಗೆ 14,000 ಅಡಿ, ಅವರಿಗೆ 15,000 ಅಡಿ ಎಂದು ಟವರಿನವರು ಸರಿಯಾಗಿಯೇ ಹೇಳಿದ್ದರು. ಕಝಾಕ್ ವಿಮಾನದಲ್ಲಿ ಇಂಗ್ಲಿಷ್ ಮಾತಿನ ಹೊಣೆ ರೇಡಿಯೋ ಆಪರೇಟರದು. ಅವರ ಮುಂದೆ ಎತ್ತರ ತೋರಿಸುವ ಮೀಟರ್ ಇರಲಿಲ್ಲ. ಆ ವಿಮಾನ 15,000 ಅಡಿಯಲ್ಲಿ ನಿಲ್ಲದೆ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡೂ ಡಿಕ್ಕಿಯಾಗಿ 349 ಜನ ಸತ್ತರು. ಭಾಷೆ ಸರಿಯಾಗಿ ತಿಳಿಯದೆ ಆಜ್ಞೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡದ್ದೂ ಒಂದು ಕಾರಣವೆಂದು ತನಿಖೆ ಹೇಳಿತು. ಆಮೇಲೆ ದೆಹಲಿಯಲ್ಲಿ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆಯಾಯಿತು; ಡಿಕ್ಕಿಯ ಮುನ್ನೆಚ್ಚರಿಕೆ ಕೊಡುವ ಯಂತ್ರ ಕಡ್ಡಾಯವಾಯಿತು. 2003ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪೈಲಟ್‌ಗಳಿಗೂ ಟವರಿನವರಿಗೂ ಇಂಗ್ಲಿಷ್ ಮಾತಿನ ಮಟ್ಟ ಗೊತ್ತುಮಾಡಿತು: ಆರು ಮೆಟ್ಟಿಲು, ಕನಿಷ್ಠ ನಾಲ್ಕನೆಯದನ್ನು ಏರಲೇಬೇಕು. ಅಲ್ಲಿ ಇಂಗ್ಲಿಷರ ಉಚ್ಚಾರ ಬೇಕಿಲ್ಲ. ತಿಳಿಯುವಂತೆ ಹೇಳಬೇಕು, ತಿಳಿಯದಿದ್ದರೆ ಕೇಳಬೇಕು.

ಹುಡುಗಿಯ ನೋಟ್‌ಬುಕ್ಕಿನಲ್ಲಿ ಇನ್ನೊಂದು ಪುಟವಿತ್ತು. ಅದನ್ನು ಅವಳು ಓದಿ ಹೇಳಲಿಲ್ಲ, ನನ್ನ ಕೈಗೆ ಕೊಟ್ಟಳು. 2006ರ ಜುಲೈನಲ್ಲಿ ಇಂಗ್ಲೆಂಡಿನ ಸೌತೆಂಡ್ ನಿಲ್ದಾಣದಲ್ಲಿ 16 ವರ್ಷದ ಹುಡುಗನೊಬ್ಬ ಪುಟ್ಟ ಸೆಸ್ನಾ ವಿಮಾನದಲ್ಲಿ ಎರಡನೆಯ ಸಲ ಒಬ್ಬನೇ ಹಾರುತ್ತಿದ್ದ. ಇಳಿಯಲು ಬರುವಾಗ ಹಿಂದೆ ವೇಗದ ವಿಮಾನವೊಂದು ಬರುತ್ತಿದ್ದುದರಿಂದ, ಪಕ್ಕಕ್ಕೆ ತಿರುಗಿ ಹೋಗಲು ಟವರಿನವರು ಹೇಳಿದರು. ಆತ ಅಭ್ಯಾಸ ಮಾಡಿರದ ಆಜ್ಞೆ. ಆತ ಹೊಸಬನೆಂದು ಆ ದನಿಯಿಂದ ಅವರಿಗೆ ತಿಳಿಯುವಂತಿರಲಿಲ್ಲ. ಹುಡುಗ ಹೇಳಿದಂತೆ ಮಾಡಲು ಹೋದ. ವೇಗ ಕುಂದಿ ವಿಮಾನ ಬಿತ್ತು, ಹುಡುಗ ಉಳಿಯಲಿಲ್ಲ. ಆಮೇಲೆ ಬ್ರಿಟನ್ನಿನಲ್ಲಿ ಒಬ್ಬರೇ ಹಾರುವ ವಿದ್ಯಾರ್ಥಿಗಳು ತಮ್ಮ ವಿಮಾನದ ಗುರುತಿಗೆ ಮೊದಲು 'ಸ್ಟೂಡೆಂಟ್' ಎಂದು ಸೇರಿಸುವ ಕ್ರಮ ಬಂತು. ಕೇಳಿದ ಕೂಡಲೇ ಟವರಿನವರು ನಿಧಾನವಾಗಿ, ಸರಳವಾಗಿ ಹೇಳಬೇಕು. ಅಮೆರಿಕದಲ್ಲೂ ನಾನು ವಿದ್ಯಾರ್ಥಿ ಎಂದು ಮೊದಲ ಮಾತಿನಲ್ಲೇ ತಿಳಿಸಿ ಎಂದು ಕಲಿಸುತ್ತಾರೆ.

ಹಾಗಾಗಿ ವಿದ್ಯಾರ್ಥಿಗಳಿಗೆ ಕಲಿಸುವ ಕ್ರಮ ಹೀಗಿದೆ: ಮೊದಲು ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು. ಟವರಿನವರು ಎಷ್ಟೇ ದೊಡ್ಡವರಾದರೂ ವಿಮಾನದಲ್ಲಿರುವವಳು ನೀನು. ಕೇಳಿಸದಿದ್ದರೆ 'ಸೇ ಅಗೇನ್', ಇನ್ನೊಮ್ಮೆ ಹೇಳಿ. ಮಾಡಲಾಗದಿದ್ದರೆ 'ಅನೇಬಲ್', ನನ್ನಿಂದಾಗದು. ಎರಡೂ ಒಪ್ಪಿತವಾದ ಮಾತುಗಳು, ಪುಸ್ತಕದಲ್ಲಿ ಅಚ್ಚಾದ ಮಾತುಗಳು. ಕ್ಷಮೆ ಕೇಳುವ ಅಗತ್ಯವಿಲ್ಲ. ನಮ್ಮ ಹುಡುಗಿಗೆ ಮಾಳಿಗೆಯ ಮೇಲೆ ಬರದೆ ಉಳಿದದ್ದು ಇವೆರಡೇ. ದಿಕ್ಕು, ಎತ್ತರ, ಒತ್ತಡ ಎಲ್ಲ ನಾಲ್ಕು ದಿನದಲ್ಲಿ ಬಂದವು. ನಾನು ಬೇಕೆಂದೇ ಗೊಣಗಿ ಓದಿದರೆ, ಅವಳು ಊಹಿಸಿ ಏನೋ ಒಂದು ಹೇಳುತ್ತಿದ್ದಳೇ ಹೊರತು ಇನ್ನೊಮ್ಮೆ ಹೇಳಿ ಎನ್ನುತ್ತಿರಲಿಲ್ಲ. "ಯಾಕೇ?" ಎಂದೆ. "ದಡ್ಡಿ ಅಂದ್ಕೊಳ್ತಾರೆ ಅತ್ತೆ" ಎಂದಳು.

ಆಗ ನಾನು ಅವಳಿಗೆ ಅವಳ ಅಜ್ಜಿಯ ಕಥೆ ಹೇಳಿದೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದ ವರ್ಷ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಮೂರು ಬಗೆಯ ಮಾತ್ರೆ ಬರೆದು, ಯಾವುದು ಯಾವಾಗ ಎಂದು ಬೇಗ ಬೇಗ ಹೇಳಿದರು. ಹೊರಗೆ ಸಾಲು ಇತ್ತು. "ಅರ್ಥವಾಯಿತೇನಮ್ಮ?" ಎಂದರು. ಅಮ್ಮ ಹೂಂ ಎಂದಳು. ನಾನೂ ತಲೆಯಾಡಿಸಿದೆ. ದಿನಕ್ಕೊಂದು ನುಂಗಬೇಕಾದ ಮಾತ್ರೆಯನ್ನು ಅಮ್ಮ ಮೂರು ಹೊತ್ತೂ ನುಂಗಿದಳು. ನಾಲ್ಕನೆಯ ದಿನ ಬೆಳಿಗ್ಗೆ ಅಡುಗೆ ಮನೆಯಲ್ಲಿ ಬಿದ್ದಳು. ಹಾಲು ಉಕ್ಕಿ ಒಲೆ ಆರಿತ್ತು. ಅಮ್ಮನ ಮೈ ಬೆವತು ತಣ್ಣಗಾಗಿತ್ತು. ಹೇಗೋ ಉಳಿದಳು. ಎಚ್ಚರವಾದ ಮೇಲೆ, "ಗೊತ್ತಾಗಲಿಲ್ಲ ಅಂದ್ರೆ ಕೇಳಬಾರದೇನಮ್ಮ" ಎಂದು ನಾನೇ ಗದರಿದೆ. "ಅಷ್ಟು ದೊಡ್ಡೋರ ಹತ್ರ ಎರಡು ಸಲ ಕೇಳೋದು ಹೆಂಗೆ?" ಎಂದಳು. ಅವಳಿಗೆ ಓದು ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ತಲೆಯಾಡಿಸಿದವಳು ಬಿ.ಎ., ಬಿ.ಎಡ್. "ಬೆಳಿಗ್ಗೆ ಒಂದು, ಅಷ್ಟೇ ತಾನೆ ಡಾಕ್ಟ್ರೇ?" ಎಂದು ನಾನು ತಿರುಗಿ ಹೇಳಿದ್ದರೆ ಸಾಕಿತ್ತು.

ಹುಡುಗಿ ಕೇಳಿ ಸುಮ್ಮನಿದ್ದಳು. ಮರುದಿನ ಮಾಳಿಗೆಯ ಮೇಲೆ ನಾನು ಓದಲು ಶುರು ಮಾಡುವ ಮೊದಲೇ, ಟ್ಯಾಂಕಿನ ಕಡೆ ಮುಖ ಮಾಡಿ, "ಸೇ ಅಗೇನ್" ಎಂದಳು. "ನಾನಿನ್ನೂ ಏನೂ ಹೇಳಿಲ್ಲವಲ್ಲೇ" ಎಂದೆ. "ಅಭ್ಯಾಸ ಆಗ್ಲಿ ಅಂತ" ಎಂದು ನಕ್ಕಳು.

ಎರಡು ತಿಂಗಳ ನಂತರ ಅವಳು ಒಬ್ಬಳೇ ಹಾರಿದ ದಿನ ಫೋನು ಮಾಡಿದಳು. ಸುತ್ತಿನ ನಡುವೆ ಟವರಿನಿಂದ ಅವಳು ಎಣಿಸಿರದ ಮಾತೊಂದು ಬಂತಂತೆ. ಇನ್ನೊಮ್ಮೆ ಹೇಳಿ ಎಂದಳಂತೆ. ಆ ದನಿ ನಿಧಾನವಾಗಿ ಇನ್ನೊಮ್ಮೆ ಹೇಳಿತಂತೆ, ಅಷ್ಟೆ. "ಯಾರೂ ಏನೂ ಅಂದ್ಕೊಳ್ಳಲಿಲ್ಲ ಅತ್ತೆ" ಎಂದಳು, ಅದೇ ದೊಡ್ಡ ಸುದ್ದಿ ಎಂಬಂತೆ.

ನನ್ನ ತರಗತಿಯಲ್ಲೂ ಒಂದು ಬದಲಾವಣೆ ಮಾಡಿಕೊಂಡೆ. ಮೂವತ್ತು ವರ್ಷ ನಾನು ಪಾಠದ ಕೊನೆಗೆ "ಅರ್ಥ ಆಯ್ತಾ?" ಎಂದು ಕೇಳಿದ್ದೇನೆ, ಮಕ್ಕಳು ಒಂದೇ ರಾಗದಲ್ಲಿ "ಆಯ್ತು ಟೀಚರ್" ಎಂದಿದ್ದಾರೆ. ಅದು ಅವರ ರೋಜರ್. ಈಗ ಹಾಗೆ ಕೇಳುವುದಿಲ್ಲ. "ನಾನೇನು ಹೇಳಿದೆ, ನೀನು ಹೇಳು" ಎನ್ನುತ್ತೇನೆ. ಇದರಿಂದ ಪಾಠ ನಿಧಾನವಾಗುತ್ತದೆ, ಪಠ್ಯಕ್ರಮ ಹಿಂದುಳಿಯುತ್ತದೆ, ನನಗೆ ಸಿಟ್ಟೂ ಬರುತ್ತದೆ. ಮೊನ್ನೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಇನ್ನೊಮ್ಮೆ ಹೇಳಿ ಟೀಚರ್" ಎಂದಳು. ಅದೇ ವಿಷಯಕ್ಕೆ ಮೂರನೆಯ ಸಲ. ಗಂಟೆ ಹೊಡೆಯಲು ಐದು ನಿಮಿಷ ಇತ್ತು. ನನ್ನ ಮುಖ ಗಂಟಿಕ್ಕಿರಬೇಕು. ಅವಳು ಅದನ್ನು ನೋಡಿ ಮೆಲ್ಲಗೆ ಕೂತುಬಿಟ್ಟಳು.

ನಾನು ಬೋರ್ಡು ಒರೆಸಿದೆ. "ಏಳವ್ವ," ಎಂದೆ, "ಎಲ್ಲಿಂದ ಹೇಳಲಿ?"